‘ಠ’ದಿಂದ ಒಂದು ಪ್ರಾಣಿ ಹೇಳಿ ನೋಡೋಣ

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ ಅಂತ ಶಾಲೆಯಲ್ಲಿ ಹೇಳಿಕೊಟ್ಟರು. ಅದರಲ್ಲಿ ಎಷ್ಟು ಅಕ್ಷರ ಕಷ್ಟಕಾಲಕ್ಕೆ ಆಗಿಬರುತ್ತವೆ ಅಂತ ಹೇಳಿಕೊಡಲಿಲ್ಲ. ಅದು ಗೊತ್ತಾಗಬೇಕಾದರೆ ಮನೆಮಂದಿಯ ಜೊತೆ ‘ಹೆಸರು, ಊರು, ಪ್ರಾಣಿ, ವಸ್ತು’ ಆಡಬೇಕು. ಅದೂ ಹಬ್ಬಕ್ಕೆ ಅಂತ ಎಲ್ಲರೂ ಸೇರಿದಾಗ, ಕರೆಂಟು ಹೋಗಿ, ಫೋನುಗಳ ಚಾರ್ಜೂ ಮುಗಿದಿರಬೇಕು.

ಆಟ ನಿಮಗೂ ಗೊತ್ತಿರುತ್ತೆ. ಒಬ್ಬರು ಮನಸ್ಸಿನಲ್ಲೇ ಅ, ಆ, ಇ, ಈ ಅಂದುಕೊಳ್ಳುತ್ತಾ ಹೋಗಬೇಕು. ಇನ್ನೊಬ್ಬರು ‘ಸ್ಟಾಪ್’ ಅನ್ನಬೇಕು. ನಿಂತ ಅಕ್ಷರದಿಂದ ನಾಲ್ಕೂ ಕಾಲಂ ತುಂಬಬೇಕು. ಬೇರೆ ಯಾರೂ ಬರೆಯದ ಪದಕ್ಕೆ 10 ಅಂಕ, ಇಬ್ಬರು ಒಂದನ್ನೇ ಬರೆದಿದ್ದರೆ ತಲಾ 5. ಇಂಗ್ಲಿಷಿನಲ್ಲಿ ಆಡುವವರಿಗೆ ಎಕ್ಸ್ ಬಂದಾಗ ಮಾತ್ರ ಗೋಳು. ನಮಗೆ ಟ, ಠ, ಡ, ಢ, ಣ ಸಾಲು ದಾಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ.

ನಮ್ಮಲ್ಲಿ ತೀರ್ಪುಗಾರರು ಮಾವನವರು. ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ತೀರ್ಪು ಕೊಡುವವರು ಆಡಬಾರದು ಅನ್ನೋ ನಿಯಮ ಅವರಿಗೆ ಅನ್ವಯಿಸೋದಿಲ್ಲ. ಆಡುತ್ತಾರೆ, ತಮ್ಮ ಉತ್ತರಕ್ಕೆ ತಾವೇ ಅಂಕ ಹಾಕಿಕೊಳ್ಳುತ್ತಾರೆ, ಗೆಲ್ಲುತ್ತಾರೆ.

ಮೊದಲ ಜಗಳ ‘ಕ’ ಅಕ್ಷರಕ್ಕೇ ಶುರುವಾಯಿತು. ನಾನು ಹೆಸರಿಗೆ ‘ಕಾವೇರಿ’ ಬರೆದೆ. ನಾದಿನಿಯ ಮಗ ಒಪ್ಪಲಿಲ್ಲ. “ಅತ್ತೆ, ಬಂದಿದ್ದು ಕ. ನೀವು ಬರೆದಿರೋದು ಕಾ.” ಹಾಗಾದರೆ ಅವನ ‘ಕೋತಿ’ ಏನು ಅಂತ ಕೇಳಿದೆ. ಹುಡುಗ ಸುಮ್ಮನಾದ. ಕೊನೆಗೆ ಕಾಗುಣಿತ ಪೂರ್ತಿ ನಡೆಯುತ್ತದೆ ಅಂತ ತೀರ್ಮಾನವಾಯಿತು. ಆಮೇಲೆ ‘ಕ್ಷೌರದ ಕತ್ತಿ’ ಯಾವ ಅಕ್ಷರಕ್ಕೆ ಸೇರುತ್ತೆ ಅಂತ ಇನ್ನೊಂದು ಸುತ್ತು ಜಗಳ ಆಯಿತು, ಅದು ಬೇಡ ಬಿಡಿ.

‘ಪ’ ಬಂದಾಗ ನಾನೂ ನಾದಿನಿಯೂ ‘ಪಾರಿವಾಳ’ ಬರೆದು ಅರ್ಧರ್ಧ ಅಂಕ ಹಂಚಿಕೊಂಡೆವು. ಮಾವ ಬರೆದಿದ್ದು ‘ಪುಲಿ’.

“ಇದು ಯಾವ ಪ್ರಾಣಿ ತಾತ?”

“ಹಳಗನ್ನಡದಲ್ಲಿ ಹುಲಿಗೆ ಪುಲಿ ಅಂತಲೇ ಹೇಳೋದು ಕಣೋ. ಹಾವು ಪಾವು, ಹಂದಿ ಪಂದಿ. ಬೇಕಿದ್ರೆ ಕಿಟೆಲ್ ತೆಗೆದು ನೋಡು.”

ಕಿಟೆಲ್ ಅಂದರೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳಿರುವ ಕಿಟೆಲ್ ನಿಘಂಟು. ಅದನ್ನು ಕಪಾಟಿನಿಂದ ಇಳಿಸೋಕೆ ಸ್ಟೂಲ್ ಹತ್ತಬೇಕು. ಮೇಣದಬತ್ತಿ ಬೆಳಕಲ್ಲಿ ಯಾರು ಹತ್ತುತ್ತಾರೆ? ಹತ್ತು ಅಂಕ ಕೊಟ್ಟೆವು. ಮುಂದಿನ ಸುತ್ತಿನಲ್ಲಿ ‘ಹ’ ಬಂತು. ಮಾವ ‘ಹುಲಿ’ ಬರೆದರು. ಒಂದೇ ಹುಲಿಗೆ ಇಪ್ಪತ್ತು ಅಂಕ!

ಇದಕ್ಕೆ ತಕ್ಕ ಉತ್ತರ ಕೊಟ್ಟವರು ನಮ್ಮತ್ತೆ. ‘ಯ’ ಬಂದಾಗ ಅವರ ಹಾಳೆಯಲ್ಲಿ ದಪ್ಪಕ್ಷರದಲ್ಲಿ ‘ಯಮ್ಮೆ’ ಅಂತಿತ್ತು. ಮಾವ ಕೆಂಪು ಪೆನ್ನು ತೆಗೆದರು.

“ಯಾಕ್ರೀ ಹೊಡೀತೀರಾ? ಸಾವಿರ ವರ್ಷದ ಹಿಂದಿನ ಹುಲಿಗೆ ಹತ್ತು, ದಿನಾ ಹಾಲು ಕೊಡೋ ಯಮ್ಮೆಗೆ ಸೊನ್ನೆನಾ?”

ಮಾವ ಎಷ್ಟೋ ಹೊತ್ತು ಯೋಚಿಸಿ 5 ಕೊಟ್ಟರು. ಉಳಿದ 5 ಇನ್ನೂ ಬಾಕಿ ಇದೆ ಅಂತ ಅತ್ತೆಯ ವಾದ.

ಸ್ವರಗಳು ಸುಲಭ ಅಂದುಕೊಳ್ಳಬೇಡಿ. ‘ಐ’ಗೆ ಊರು ಐಹೊಳೆ, ಸರಿ. ಪ್ರಾಣಿಗೆ ‘ಐರಾವತ’ ಬರೆದೆ. ಹುಡುಗ ಅದನ್ನೇ ವಸ್ತುವಿಗೆ ಬರೆದಿದ್ದ. ಅವನ ಪಾಲಿಗೆ ಅದು ಸರ್ಕಾರಿ ವೋಲ್ವೋ ಬಸ್ಸು. ‘ಔ’ಗೆ ಊರು ಬೀದರ್ ಜಿಲ್ಲೆಯ ಔರಾದ್, ವಸ್ತು ಔಷಧ. ಪ್ರಾಣಿ? ಎಲ್ಲರೂ ಗೋಡೆ ನೋಡುತ್ತಾ ಕೂತೆವು. ಹುಡುಗ ಮಾತ್ರ ಧೈರ್ಯವಾಗಿ ‘ಔಟ್‌ಹೌಸ್ ನಾಯಿ’ ಅಂತ ಬರೆದ.

ಣ ಮತ್ತು ಳ ಬಂದರೆ ಆಟವನ್ನೇ ಬಿಟ್ಟು ಮುಂದಕ್ಕೆ ಹೋಗುತ್ತೇವೆ. ಕನ್ನಡದ ಪದಗಳು ಆ ಅಕ್ಷರಗಳಿಂದ ಶುರುವಾಗೋದೇ ಇಲ್ಲ. ಅಕ್ಷರಮಾಲೆಯ ಚಾರ್ಟಿನಲ್ಲೂ ‘ಣ’ ಪಕ್ಕ ಬಾಣವೋ ವೀಣೆಯೋ ಇರುತ್ತದೆ. ಚಾರ್ಟು ಮಾಡಿದವರೇ ಕೈಚೆಲ್ಲಿದ ಮೇಲೆ ನಮ್ಮದೇನು? ಅಂತ್ಯಾಕ್ಷರಿಯಲ್ಲಾದರೆ ಣ ಬಂದಾಗ ನ, ಳ ಬಂದಾಗ ಲ ಅಂತ ರಾಜಿ ಮಾಡಿಕೊಳ್ಳಬಹುದು. ಇಲ್ಲಿ ಮಾವ ಒಪ್ಪಬೇಕಲ್ಲ.

ಮಹಾಪ್ರಾಣಗಳಂತೂ ನನ್ನ ಪ್ರಾಣ ತೆಗೆಯೋಕೇ ಇರುವಂಥವು. ಹೆಚ್ಚಿನವು ಸಂಸ್ಕೃತದಿಂದಲೋ ಹಿಂದಿ, ಮರಾಠಿಯಿಂದಲೋ ಬಂದ ಪದಗಳು. ಉಳಿದವು ಬರೀ ಸದ್ದು: ಝಣಝಣ, ಢಣಢಣ. ಸದ್ದು ವಸ್ತುವಲ್ಲ ಅಂತ ಮಾವನ ತೀರ್ಪು. ‘ಠ’ಗೆ ಊರು ಠಾಣೆ ಅಂತ ಬರೆದೆ. ಅದು ಪೊಲೀಸರಿರೋ ಜಾಗ ಅಂತ ನಾದಿನಿ ತಗಾದೆ ತೆಗೆದಳು. ಆ ಒಂದು ಸಲ ಮಾವ ನನ್ನ ಪರ ನಿಂತರು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಮುಂಬೈಯಿಂದ ಹೋಗಿದ್ದೇ ಆ ಊರಿಗೆ ಅಂದರು. ಸಂತೋಷವಾಯಿತು. ಆದರೆ ಪ್ರಾಣಿ ಮತ್ತು ವಸ್ತುವಿನ ಕಾಲಂ ಖಾಲಿ. ಹುಡುಗ ‘ಠಕ್ಕ ನರಿ’ ಬರೆದು ಬೈಸಿಕೊಂಡ.

ಮಾವನ ಇನ್ನೊಂದು ಚಟ ಬೆಳಗಿನ ಪೇಪರಿನ ಪದಬಂಧ. ಕನ್ನಡದ ಪದಬಂಧದಲ್ಲಿ ಒತ್ತು, ದೀರ್ಘ, ಸೊನ್ನೆ ಎಲ್ಲ ಸೇರಿಸಿ ಒಂದು ಅಕ್ಷರಕ್ಕೆ ಒಂದೇ ಚೌಕ. ಹಾಗಾಗಿ ‘ಪುರುಷ’ನಿಗೆ ಮೂರು ಚೌಕ, ‘ಸ್ತ್ರೀ’ಗೆ ಒಂದೇ. “ಅಲ್ಲೂ ಒಬ್ಬಳೇ ಎಲ್ಲ ಹೊತ್ಕೊಂಡು ಒಂದೇ ರೂಮಲ್ಲಿ ಇರಬೇಕು” ಅಂತ ಅತ್ತೆ ಕಾಫಿ ಲೋಟ ಕುಕ್ಕಿ ಹೋದರು.

ನನ್ನ ತೊಂದರೆ ಪದ ಗೊತ್ತಿಲ್ಲದ್ದಲ್ಲ. ಎಲ್ಲ ಗೊತ್ತು. ಕರೆದಾಗ ಬರೋದಿಲ್ಲ ಅಷ್ಟೇ. ತಲೆಯೊಳಗೆ ಪದಗಳು ಅಕಾರಾದಿಯಾಗಿ ಕೂತಿರೋದಿಲ್ಲ. ಅಡುಗೆಮನೆ ಪದ ಅಡುಗೆಮನೆಯಲ್ಲಿ, ಆಫೀಸಿನದು ಆಫೀಸಿನಲ್ಲಿ. ಆಟ ಮುಗಿದ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿಲ್ಲುತ್ತವೆ. ಪೂಜೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಾಗ ‘ಘೇಂಡಾಮೃಗ’ ಬಂತು. ಪಕ್ಕದಲ್ಲಿದ್ದವರಿಗೂ ಕೇಳಿಸುವ ಹಾಗೆ ಬಾಯಿಂದಲೇ ಬಂತು.

ಬ್ಯಾಂಕಿನಲ್ಲಿ ಆಗಿದ್ದು ಇನ್ನೂ ಫಜೀತಿ. ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಗೋಡೆಯ ಮೇಲೆ ಬಡ್ಡಿ ದರದ ಬೋರ್ಡು. ಓದುತ್ತಿದ್ದ ಹಾಗೇ “ಅಯ್ಯೋ, ಠೇವಣಿ!” ಅಂತ ಕೂಗಿಬಿಟ್ಟೆ. ಬ್ಯಾಂಕಿನಲ್ಲಿ ಕೂಗಬಾರದ ಮಾತು ಅದೊಂದೇ ಅಂತ ಕಾಣುತ್ತೆ. ಮುಂದೆ ನಿಂತಿದ್ದ ಅಜ್ಜ ಗಾಬರಿಯಾಗಿ ತಿರುಗಿದರು. “ಏನಮ್ಮಾ, ಏನಾಯ್ತು ಠೇವಣಿಗೆ?” ಹಿಂದಿನವರೂ ಹತ್ತಿರ ಬಂದರು. ಒಬ್ಬರು ಆಗಲೇ ಮಗನಿಗೆ ಫೋನ್ ಹಚ್ಚಿದ್ದರು. “ಏನಿಲ್ಲ, ಠ ಅಕ್ಷರಕ್ಕೆ ವಸ್ತು ಸಿಕ್ಕಿತು” ಅಂತ ವಿವರಿಸಿದೆ. ಅದರಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಕೌಂಟರಿನ ಹುಡುಗಿ ನನ್ನ ಕೆಲಸ ಎಲ್ಲರಿಗಿಂತ ಮೊದಲು ಮಾಡಿ ಕಳಿಸಿದಳು.

ಹೊರಗೆ ಬಂದವಳೇ ಊರಿಗೆ ಫೋನ್ ಮಾಡಿದೆ. ನಾದಿನಿ ಎತ್ತಿದಳು. “ಅತ್ತಿಗೆ, ಹಬ್ಬ ಮುಗಿದು ಎಷ್ಟು ದಿನ ಆಯ್ತು! ಈಗ ಅಂಕ ಕೇಳ್ತೀರಾ?” ಅಂದಳು. ಮಾವನಿಗೆ ಕೊಡು ಅಂದೆ.

ಮಾವ ಪೂರ್ತಿ ಕೇಳಿಸಿಕೊಂಡರು. “ಠೇವಣಿ ಕೈಗೆ ಸಿಗೋ ವಸ್ತುವಲ್ಲಮ್ಮಾ. ಅದರ ರಸೀದಿ ವಸ್ತು. ‘ರ’ ಬಂದಾಗ ಬರಿ, ಕೊಡೋಣ.”

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. “ಕೊಡ್ರೀ ಅವಳಿಗೆ ಹತ್ತು! ಹಾಗೇ ನನ್ನ ಯಮ್ಮೆದು ಐದೂ ಸೇರಿಸಿಬಿಡಿ!”