ಇಳುವರಿಯ ಅಂಕಿಯೊಂದೇ ಸಾಲದು

ಕಾಫಿ ಬೆಳೆಗಾರರ ಯಾವ ಸಭೆಗೆ ಹೋದರೂ ಯಾರಾದರೊಬ್ಬರು ಎದ್ದು, 'ವಿಯೆಟ್ನಾಮಿನವರನ್ನು ನೋಡಿ ಕಲಿಯಬೇಕು' ಎನ್ನುತ್ತಾರೆ. ಅಲ್ಲಿ ಹೆಕ್ಟೇರಿಗೆ ಎರಡೂವರೆ ಟನ್ನಿಗೂ ಹೆಚ್ಚು ರೊಬಸ್ಟಾ ಜಾತಿಯ ಕಾಫಿ, ನಮ್ಮಲ್ಲಿ ಒಂದು ಟನ್ನಿನ ಆಸುಪಾಸು. ಅಂಕಿ ಸುಳ್ಳಲ್ಲ. ಆದರೆ ಅದೊಂದನ್ನೇ ಹಿಡಿದು ಎರಡು ಸಮಾಜಗಳನ್ನು ತೂಗುವುದನ್ನು ನಾನು ಒಪ್ಪುವುದಿಲ್ಲ.

ಬೆಲೆ ನಮಗೆಲ್ಲ ಒಂದೇ ಕಡೆಯಿಂದ ಬರುತ್ತದೆ, ನಿಜ. ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆ, ಇನ್ನೊಂದು ಜಾತಿಯಾದ ಅರೇಬಿಕಾಕ್ಕೆ ನ್ಯೂಯಾರ್ಕ್. 1989ರಲ್ಲಿ ದೇಶಗಳ ರಫ್ತಿಗೆ ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ತೊಂಬತ್ತರ ದಶಕದಲ್ಲಿ ಬೆಳೆಯನ್ನೆಲ್ಲ ನಮ್ಮ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ವ್ಯವಸ್ಥೆಯೂ ಹೋಯಿತು. ಈಗ ವಿಯೆಟ್ನಾಮಿನಲ್ಲಿ ಫಸಲು ತುಂಬಿದರೆ ಮೂಡಿಗೆರೆಯಲ್ಲಿ ಚೀಲದ ಬೆಲೆ ಇಳಿಯುತ್ತದೆ. ಬೆಲೆ ಒಂದಾದ ಮಾತ್ರಕ್ಕೆ ಬದುಕು ಒಂದಾಗಲಿಲ್ಲ.

ವಿಯೆಟ್ನಾಮಿನ ಡಾಕ್ ಲಾಕ್ ಪ್ರಾಂತ್ಯ ಮೂಲತಃ ಎಡೆ, ಮ್ನಾಂಗ್ ಎಂಬ ಬುಡಕಟ್ಟು ಜನರ ನೆಲ. 1975ರ ನಂತರ ಸರ್ಕಾರ ಬಯಲಿನ ಬಹುಸಂಖ್ಯಾತ ಕಿನ್ ಜನರನ್ನು ತಂದು ಅಲ್ಲಿ ನೆಲೆಗೊಳಿಸಿತು. 1986ರ ಆರ್ಥಿಕ ಸುಧಾರಣೆಯ ಮೇಲೆ ವಲಸೆ ಇನ್ನೂ ಹೆಚ್ಚಿತು. ಕಾಡು ಕಡಿದು, ಬಾವಿ ತೋಡಿ, ಬೇಸಿಗೆಯಲ್ಲಿ ನೀರು ಹಾಯಿಸಿ, ಗೊಬ್ಬರ ಸುರಿದು ತೆಗೆದ ಇಳುವರಿ ಅದು. ಒಂದೆರಡು ಹೆಕ್ಟೇರಿನ ಆ ಕುಟುಂಬಗಳ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ನೆಲದ ಮೂಲ ಜನ ಅಂಚಿಗೆ ಸರಿದರು, ಅಂತರ್ಜಲ ಕುಸಿಯಿತು. 2024ರಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತಲ್ಲ, ಅದಕ್ಕೆ ಅಲ್ಲಿನ ಬರವೂ ಒಂದು ಕಾರಣ, ರೈತರು ಕಾಫಿ ಕಿತ್ತು ಡುರಿಯನ್ ಹಣ್ಣಿನ ಗಿಡ ಹಾಕಿದ್ದೂ ಒಂದು ಕಾರಣ. ಆ ವರ್ಷ ನಮ್ಮ ಕೈಗೆ ಬಂದ ಹಣದಲ್ಲಿ ಅಲ್ಲಿಯ ಒಣಗಿದ ಬಾವಿಗಳ ಪಾಲಿತ್ತು.

ಇನ್ನು ಬ್ರೆಜಿಲ್. ಸೆರಾಡೊ ಬಯಲಿನಲ್ಲಿ ಯಂತ್ರವೇ ಸಾಲುಗಳ ಮೇಲೆ ಹಾದು ಹಣ್ಣು ಉದುರಿಸುತ್ತದೆ. ನಮ್ಮ ಇಳಿಜಾರಿನಲ್ಲಿ, ಹಲಸು, ಅತ್ತಿ, ಹಾಲುವಾಣದ ನೆರಳಿನಲ್ಲಿ, ಮೆಣಸಿನ ಬಳ್ಳಿಗಳ ನಡುವೆ ಅದು ನಡೆಯುವ ಮಾತಲ್ಲ. ಗುಲಾಮಗಿರಿಯನ್ನು 1888ರವರೆಗೂ ಉಳಿಸಿಕೊಂಡ ದೇಶವದು. ಈಗಲೂ ಮಿನಾಸ್ ಜೆರೈಸ್‌ನ ಕಾಫಿ ತೋಟಗಳಲ್ಲಿ ಜೀತದಂಥ ಸ್ಥಿತಿಯಲ್ಲಿ ಸಿಕ್ಕಿದ ಕೂಲಿಗಳನ್ನು ಕಾರ್ಮಿಕ ತಪಾಸಕರು ಬಿಡಿಸಿ ತರುತ್ತಾರೆ. ಹಾಗೆ ದುಡಿಸಿಕೊಂಡ ಮಾಲೀಕರ ಹೆಸರುಗಳನ್ನು ಸರ್ಕಾರವೇ ಪಟ್ಟಿ ಮಾಡಿ ಪ್ರಕಟಿಸುತ್ತದೆ. ಹೊರಗಿನಿಂದ ಕಲಿಯುವುದಿದ್ದರೆ ನಾನು ಕಲಿಯಬಯಸುವುದು ಇದನ್ನು.

ಏಕೆಂದರೆ ನೆರಳಿನ ಕಾಫಿ ಎಂದು ನಾವು ಹೆಮ್ಮೆಪಡುವ ಮರಗಳ ಕೆಳಗೇ ಲೈನ್ ಮನೆಗಳಿವೆ, ತೋಟದ ಕೂಲಿಗಳು ಇರುವ ಸಾಲುಮನೆಗಳು. ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗುವಾಗ, ಅಸ್ಸಾಮಿನಿಂದ ಬಂದ ಹೆಣ್ಣುಮಗಳೊಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಿದ್ದಳು. ಅವಳಿಗೆ ಬರುತ್ತಿದ್ದ ಕನ್ನಡವೆಂದರೆ ಅಂಕಿಗಳು ಮಾತ್ರ. ಕೊಡಗಿನ ಎರವರು, ಜೇನುಕುರುಬರು ತಲೆಮಾರುಗಳಿಂದ ತೋಟಗಳಲ್ಲಿ ದುಡಿದರೂ ಗೇಣು ನೆಲ ಅವರ ಹೆಸರಿಗಿರಲಿಲ್ಲ. ಲೈನ್ ಮನೆ ಬಿಟ್ಟು ಬಂದ ಎಷ್ಟೋ ಕುಟುಂಬಗಳು ಕೊಡಗಿನದೇ ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವು. 2016ರ ಡಿಸೆಂಬರಿನಲ್ಲಿ ಅವುಗಳನ್ನು ಕೆಡವಲಾಯಿತು. ನೆಲದ ಮೂಲ ಜನ ಅಂಚಿಗೆ ಸರಿಯುವುದು ಡಾಕ್ ಲಾಕಿನ ಕಥೆ ಮಾತ್ರವಲ್ಲ.

ನಮ್ಮ ಮೂರು ಕಾಫಿ ಜಿಲ್ಲೆಗಳಲ್ಲಿಯೂ ಪ್ರತಿ ವರ್ಷ ಲೈನ್ ಮನೆಗಳ ತಪಾಸಣೆ ನಡೆಯಲಿ, ನೀರು, ಶೌಚಾಲಯ, ಕೂಲಿ ಪಾವತಿಯ ವರದಿ ತೋಟದ ಹೆಸರಿನೊಂದಿಗೆ ಪ್ರಕಟವಾಗಲಿ. ಮೊದಲು ನನ್ನ ತೋಟಕ್ಕೇ ಬನ್ನಿ.