ತಾತನ ಮಾರುತಿಗೆ ಗಂಟಲು ಬಂತು

ಸೈಲೆನ್ಸರ್‌ಗಳನ್ನು ಸದ್ದು ಜಾಸ್ತಿ ಅಂತ ಪೊಲೀಸರು ಕಿತ್ತು, ರಸ್ತೆ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೋ ನೀವೂ ನೋಡಿರುತ್ತೀರಿ. ಒಂದಲ್ಲ ಒಂದು ಊರಿನದು ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಎಲ್ಲರೂ ಸೈಲೆನ್ಸರ್ ನೋಡಿದರು. ನನ್ನ ಕಣ್ಣು ಮಾತ್ರ ರೋಲರ್ ಮೇಲೆ. ಎಷ್ಟು ಚೆನ್ನಾಗಿ ಓಡುತ್ತಿದೆ ಸ್ವಾಮಿ! ನಮ್ಮ ಬೀದಿಯಲ್ಲಿ ಪೈಪ್ ಹಾಕಲು ಅಗೆದ ಗುಂಡಿ ಎರಡು ಮಳೆಗಾಲ ಕಂಡಿದೆ. ಕೇಳಿದರೆ ರೋಲರ್ ಸಿಗುತ್ತಿಲ್ಲ ಅಂತಾರೆ. ಸಿಗೋದು ಹೇಗೆ? ಪಾಪ, ಅದು ಸೈಲೆನ್ಸರ್ ಡ್ಯೂಟಿಯಲ್ಲಿದೆ.

ಆ ಸಾಲಿನಲ್ಲಿ ಇದ್ದಿದ್ದೆಲ್ಲ ಬೈಕಿನ ಸೈಲೆನ್ಸರ್. ನಮ್ಮ ಪಕ್ಕದ ಮನೆ ಕಾರಿನದು ಇರಲಿಲ್ಲ.

ಅದು ಮಾರುತಿ 800. ಹುಡುಗನ ತಾತನದು. ತಾತ ಇದ್ದಾಗ ತೋಟಕ್ಕೂ ಚಿಕ್ಕಮಗಳೂರಿನ ಮನೆಗೂ ಓಡಾಡಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಮೆಣಸಿನ ಮೂಟೆ, ಮುಂದೆ ಅಜ್ಜಿ. ಸ್ಪೀಡು ನಲವತ್ತು ದಾಟಿದ್ದನ್ನು ಯಾರೂ ನೋಡಿಲ್ಲ. ತಾತ ಹೋದ ಮೇಲೆ ಮೊಮ್ಮಗ ಹಿಂದಿನ ಗಾಜಿನ ಮೇಲೆ 'ಸ್ಟೇಜ್ ಟೂ' ಅಂತ ಸ್ಟಿಕ್ಕರ್ ಅಂಟಿಸಿದ. ಎಂಜಿನ್ನಿನ ಪವರ್ ಏರಿಸುವ ಕೆಲಸದ ಎರಡನೇ ಹಂತ ಅಂತ ಅರ್ಥ. ಸ್ಟೇಜ್ ಒನ್ ಯಾವಾಗ ಆಯಿತೋ ಗೊತ್ತಾಗಲಿಲ್ಲ. ನಾವು ನಿದ್ದೆಯಲ್ಲಿದ್ದೆವು ಅಂತ ಕಾಣುತ್ತದೆ. ಆಗಿನ್ನೂ ನಿದ್ದೆ ಬರುತ್ತಿತ್ತು.

"ಏನೇನು ಮಾಡಿಸಿದೀಯ ಮಾರಾಯಾ?" ಅಂತ ಕೇಳಿದೆ.

"ಎಂಜಿನ್ ಮೇಲಿನ ಹೆಡ್ ಸ್ಕಿಮ್ ಮಾಡಿಸಿ, ಅಂದ್ರೆ ತಳ ಸವೆಸಿ, ಕಂಪ್ರೆಷನ್ ಏರಿಸಿದೀನಿ ಅಂಕಲ್. ಕಾರ್ಬುರೇಟರಿಗೆ ಪೆಟ್ರೋಲ್ ಬಿಡೋ ದೊಡ್ಡ ಜೆಟ್. ಓಪನ್ ಫಿಲ್ಟರ್. ಫ್ರೀ ಫ್ಲೋ ಎಕ್ಸಾಸ್ಟ್. ಈಗ ಅರವತ್ತು ಹಾರ್ಸ್‌ಪವರ್ ಇದೆ."

"ಅಳೆದವರು ಯಾರು?"

"ಅಳೆಯೋದೇನು ಅಂಕಲ್, ಸೌಂಡಲ್ಲೇ ಗೊತ್ತಾಗುತ್ತಲ್ಲ!"

ಸರಿ ಬಿಡಿ. ಸೌಂಡಿನಲ್ಲೇ ಶಕ್ತಿ ಅಳೆಯುವುದು ನಮಗೇನು ಹೊಸದಲ್ಲ. ಟಿವಿ ಚರ್ಚೆಯಿಂದ ವಿಧಾನಸಭೆವರೆಗೆ ಅದೇ ಮೀಟರ್ ನಡೀತಿದೆ.

ಮಾರುತಿ 800 ಅಂದರೆ ನಮ್ಮ ಚಿಕ್ಕಮಗಳೂರಿಗೆ ದೂರದ ನೆಂಟಸ್ತಿಕೆಯೂ ಇದೆ. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಇಲ್ಲಿಂದ ಗೆಲ್ಲಿಸಿ ಕಳಿಸಿದೆವು. ಎರಡು ತಿಂಗಳು ತುಂಬುವಷ್ಟರಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿತು, ಅದು ಬೇರೆ ಕಥೆ. ಆಮೇಲೆ ಮತ್ತೆ ಪ್ರಧಾನಿಯಾಗಿ, 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿಯ ಕೀಲಿಕೈಯನ್ನು ಗಿರಾಕಿ ಕೈಗೆ ಕೊಟ್ಟಿದ್ದು ಅವರೇ. ಮಗನ ಕನಸಿನ ಕಾರು. ಕಡಿಮೆ ಪೆಟ್ರೋಲ್ ಕುಡಿಯಬೇಕು, ಸಾಮಾನ್ಯ ಸಂಸಾರಕ್ಕೆ ಸಾಕಾಗಬೇಕು, ಅಷ್ಟೇ ಇದ್ದ ಆಸೆ. ಅದು 2014ರವರೆಗೂ ತಯಾರಾಯಿತು. ಮೂವತ್ತು ವರ್ಷದಲ್ಲಿ ಯಾರೂ ಅದನ್ನು ಹುಲಿ ಮಾಡಲು ಹೋಗಲಿಲ್ಲ ಅನ್ನಲಾರೆ. ಆದರೆ ನಮ್ಮ ಬೀದಿಯಲ್ಲಿ ಯಾಕೆ ಮಾರಾಯರೇ?

796 ಸಿಸಿ, ಮೂರು ಸಿಲಿಂಡರ್, ಹುಟ್ಟಿದಾಗ ಇದ್ದಿದ್ದು 37 ಹಾರ್ಸ್‌ಪವರ್ ಆಸುಪಾಸು. ಎಂಜಿನ್ ಅನ್ನೋದು ಗಾಳಿ ಎಳೆಯುವ ಪಂಪು. ಜಾಸ್ತಿ ಪವರ್ ಬೇಕಾದರೆ ಜಾಸ್ತಿ ಗಾಳಿ ಹೋಗಬೇಕು, ಅದಕ್ಕೆ ತಕ್ಕ ಪೆಟ್ರೋಲ್ ಹೋಗಬೇಕು. ಇವನ ಓಪನ್ ಫಿಲ್ಟರ್ ಬಾನೆಟ್ ಒಳಗಿನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಿಸಿಗಾಳಿ ತೆಳು. ದೊಡ್ಡ ಜೆಟ್ ಮಾತ್ರ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಕಪ್ಪು ಹೊಗೆ ಬರದೆ ಇನ್ನೇನು ಬರುತ್ತದೆ? ಸಾಲದ್ದಕ್ಕೆ ನಮ್ಮೂರೇ ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಇಂಥ ಎಂಜಿನ್ನಿನ ಪವರ್ ಐದರಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಅಂದರೆ ಏಳು ಕುದುರೆಗಳನ್ನು ಬೆಟ್ಟವೇ ಬಿಚ್ಚಿ ಇಟ್ಟುಕೊಳ್ಳುತ್ತದೆ. ನಲವತ್ತು ಸಾವಿರ ಖರ್ಚು ಮಾಡಿ ಹುಡುಗ ಸೇರಿಸಿದ್ದೆಷ್ಟೋ, ಗಿರಿ ಪುಕ್ಕಟೆ ಕಿತ್ತುಕೊಂಡಿದ್ದೆಷ್ಟೋ!

ಅಷ್ಟಾಗಿ ಗಿರಿಗೆ ಹೋಗಲು ದಾರಿ ಎಲ್ಲಿದೆ? ಶನಿವಾರ ಭಾನುವಾರ ಕೈಮರದ ಹತ್ತಿರ ನೋಡಿ. ಬೆಂಗಳೂರಿನ ಕಾರುಗಳೆಲ್ಲ ಇರುವೆ ಸಾಲು. ಅರವತ್ತು ಹಾರ್ಸ್‌ಪವರ್ ಇದ್ದರೂ ಅಷ್ಟೇ, ಆರು ನೂರಿದ್ದರೂ ಅಷ್ಟೇ.

ಊರೊಳಗಂತೂ ಇನ್ನೂ ಚೆಂದ. ಸ್ಪ್ರಿಂಗ್ ಕತ್ತರಿಸಿ ಕಾರನ್ನು ಕೆಳಗಿಳಿಸಿದ್ದಾನೆ. ಹಂಪ್ ಬಂದರೆ ಹೊಟ್ಟೆ ತಾಗುತ್ತದೆ. ಅದಕ್ಕೆ ಗದ್ದೆ ಏಡಿ ಥರ ಕಾರನ್ನು ಓರೆ ಮಾಡಿ ಒಂದು ಚಕ್ರ ಹತ್ತಿಸುತ್ತಾನೆ. ನಿಲ್ಲುತ್ತಾನೆ. ಆಮೇಲೆ ಇನ್ನೊಂದು. ಕರ್ರ್ ಅಂತ ಒಂದು ಶಬ್ದ. ಮೊನ್ನೆ ಅವನು ಹಾಗೆ ಹಂಪ್ ಇಳಿಯುವಷ್ಟರಲ್ಲಿ ಗೊಬ್ಬರ ತುಂಬಿದ ಗೂಡ್ಸ್ ಆಟೋ ಪಕ್ಕದಲ್ಲಿ ದಾಟಿಕೊಂಡು ಹೋಯಿತು. ಸ್ಟೇಜ್ ಗೀಜ್ ಏನೂ ಇಲ್ಲದ ಆಟೋ.

ಹುಡುಗನದೊಂದೇ ತಪ್ಪು ಅಂತ ಹೇಗೆ ಹೇಳಲಿ? ಕಾಫಿ ತೋಟದ ಮಣ್ಣು ದಾರಿಯಲ್ಲಿ ರ‍್ಯಾಲಿ ಓಡಿಸುವ ಹುಚ್ಚು ನಮ್ಮ ಜಿಲ್ಲೆಗೆ ಹಳೆಯದು. ಬೇಲಿ ಪಕ್ಕ ನಿಂತು ಧೂಳು ತಿನ್ನುತ್ತ ನಾನೂ ನೋಡಿದ್ದೇನೆ. ಆದರೆ ಅಲ್ಲಿ ದಾರಿ ಮುಚ್ಚಿರುತ್ತಾರೆ. ತಲೆಗೆ ಹೆಲ್ಮೆಟ್, ಕಾರೊಳಗೆ ಕಬ್ಬಿಣದ ಪಂಜರ, ಪಕ್ಕದಲ್ಲಿ ತಿರುವು ಓದಿ ಹೇಳುವ ಜೊತೆಗಾರ. ಇವನ ಪಕ್ಕ ಕೂತವನು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿರುತ್ತಾನೆ.

ಕಾನೂನು ಇಲ್ಲವೇ ಅಂದರೆ, ಧಾರಾಳ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೆಡ್, ಜೆಟ್, ಫಿಲ್ಟರ್, ಎಕ್ಸಾಸ್ಟ್, ಸ್ಪ್ರಿಂಗ್. ಬೆರಳು ಮಡಚಿ ಲೆಕ್ಕ ಹಾಕಿದರೆ 25,000. ಕಾರು ಮಾರಿದರೂ ಅಷ್ಟು ಹುಟ್ಟೋದು ಅನುಮಾನ. ಇದಕ್ಕೂ ಹುಡುಗನ ಹತ್ತಿರ ಉಪಾಯ ಇದೆ. ತಾತನ ಕಾಲದ ಸೈಲೆನ್ಸರ್ ಅಟ್ಟದ ಮೇಲಿದೆ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಪರೀಕ್ಷೆ) ದಿನ ಮದುವೆಯ ರೇಷ್ಮೆ ಸೀರೆ ಥರ ಕೆಳಗಿಳಿಯುತ್ತದೆ. ಸಂಜೆ ಮತ್ತೆ ಅಟ್ಟ.

ನಗಾಡಿದ್ದು ಸಾಕು. ಎದುರು ಮನೆಯಲ್ಲಿ ಬೈಪಾಸ್ ಆಪರೇಷನ್ ಆದ ಹಿರಿಯರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಈ ಕಾರು ಬೀದಿಗೆ ತಿರುಗಿತು ಅಂದರೆ ಅವರ ಕೋಣೆಯ ಲೈಟ್ ಹೊತ್ತಿಕೊಳ್ಳುತ್ತದೆ. ದಿನಾ. ನನ್ನ ಕಿಟಕಿಗೆ ಕಾಣುತ್ತದೆ. ಒಂದು ರಾತ್ರಿ ದೂರು ಕೊಡಲು ಫೋನ್ ಮಾಡಿದೆ. ಲಿಖಿತದಲ್ಲಿ ಕೊಡಿ ಸಾರ್ ಅಂದರು. ಕೊಟ್ಟೆ. ಏನೂ ಆಗಲಿಲ್ಲ. ಆ ಕಾರಿನ ಹಿಂದಿನ ಚಕ್ರಕ್ಕೆ ಇವತ್ತಿಗೂ ತಾತನ ಕಾಲದ ಡ್ರಮ್ ಬ್ರೇಕೇ ಇದೆ. ಓಡಿಸೋಕೆ ನಲವತ್ತು ಸಾವಿರ ಹಾಕಿದವನು ನಿಲ್ಲಿಸೋಕೆ ನಾಲ್ಕು ರೂಪಾಯಿ ಹಾಕಿಲ್ಲ. ಅದೇ ಕಾರಿನಲ್ಲಿ ಮಂಜು ಕವಿದ ಚಾರ್ಮಾಡಿ ಘಾಟಿ ಇಳಿಯುತ್ತಾನೆ. ತಿರುವಿನ ಆಚೆ ಯಾರ ಮಕ್ಕಳು ಬರುತ್ತಿರುತ್ತಾರೋ. ಮರುದಿನ 'ಚಾಲಕನ ನಿಯಂತ್ರಣ ತಪ್ಪಿ' ಅಂತ ನಾಲ್ಕು ಸಾಲು ಬರುತ್ತದೆ. ಓದಿ ಓದಿ ಸಾಕಾಗಿದೆ.

ಹೋದ ವಾರ ಎರಡು ರಾತ್ರಿ ಬೀದಿ ತಣ್ಣಗಿತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಬಾನೆಟ್ ಎತ್ತಿದೆ. ಹುಡುಗ ಡಿಪ್‌ಸ್ಟಿಕ್ (ಆಯಿಲ್ ನೋಡುವ ಕಡ್ಡಿ) ಹಿಡಿದುಕೊಂಡು ನಿಂತಿದ್ದಾನೆ. ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲ್‌ಗೆ ಸೇರಿದೆ. ಡಿಪ್‌ಸ್ಟಿಕ್ ತುದಿಯಲ್ಲಿ ಒಳ್ಳೆ ಗಟ್ಟಿ ಡಿಕಾಕ್ಷನ್ನಿಗೆ ಹಾಲು ಬೆರೆಸಿದ ಬಣ್ಣ. ನೊರೆ ಕೂಡ ಬಂದಿತ್ತು. ಕಾಫಿ ನಾಡಿನ ಎಂಜಿನ್ ಅಲ್ವಾ!

ಸಂಜೆ ಹೆಡ್ ಬಿಚ್ಚಿಕೊಂಡು ಬಂದ. "ಅಂಕಲ್, ಲೇತ್ ಅಂಗಡಿವರೆಗೆ ಬಿಡ್ತೀರಾ?"

ಕೂರಿಸಿಕೊಂಡೆ. ಹೆಡ್ಡನ್ನು ಗೋಣಿಯಲ್ಲಿ ಸುತ್ತಿ, ಎಳೆ ಮಗುವಿನ ಥರ ತೊಡೆ ಮೇಲೆ ಇಟ್ಟುಕೊಂಡಿದ್ದ. ಬೀದಿಯ ಗುಂಡಿ ಬಂತು. ನನ್ನ ಗಾಡಿ ಇಪ್ಪತ್ತರಲ್ಲಿತ್ತು.

"ನಿಧಾನ ಅಂಕಲ್," ಅಂದ.