ಗ್ಲಾಸು ಎತ್ತಿದ ಮೇಲೆ

ಮುಂಬೈ ಕನ್ನಡಿಗರ ಸಭೆಗಳಲ್ಲಿ "ಎರಡೇ ಮಾತು ಹೇಳಿ ಮುಗಿಸುತ್ತೇನೆ" ಅಂದವರಿಗೆ ಕೊರತೆ ಇಲ್ಲ. ಮುಗಿಸಿದವರು ಕಡಿಮೆ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ, ಅದಾದ ಮೇಲೆ ವಂದನಾರ್ಪಣೆ. ಅಷ್ಟರಲ್ಲಿ ವಿರಾರ್ ಕಡೆಯವರು ಲೋಕಲ್ ಹಿಡಿಯಲು ಎದ್ದಿರುತ್ತಾರೆ.

ಅದಕ್ಕೇ ಕಾಲೇಜಿನ ಹಳೆ ವಿದ್ಯಾರ್ಥಿಗಳ ಊಟದಲ್ಲಿ ಟೋಸ್ಟ್, ಅಂದರೆ ಯಾರದಾದರೂ ಹೆಸರಿನಲ್ಲಿ ಗ್ಲಾಸು ಎತ್ತಿ ಶುಭ ಹಾರೈಸಿ ಕುಡಿಯುವುದು, ನನಗೆ ಇಷ್ಟ. ಕೇಳುವವರೆಲ್ಲ ನಿಂತಿರುತ್ತಾರೆ, ಕೈಯಲ್ಲಿ ತುಂಬಿದ ಗ್ಲಾಸು. ಕುಡಿಯುವ ಹಾಗಿಲ್ಲ, ಕೆಳಗಿಡುವ ಹಾಗೂ ಇಲ್ಲ. ಮೊದಲು ಕೈ ಸೋಲುತ್ತದೆ, ಆಮೇಲೆ ಮುಖ. ಆ ಮುಖಗಳನ್ನು ನೋಡುತ್ತಾ ಎಂಥ ವಾಚಾಳಿಯಾದರೂ ಎಷ್ಟು ಹೊತ್ತು ಎಳೆದಾನು?

ಬ್ರಿಟಿಷ್ ನೌಕಾಪಡೆಯವರು ಮಾತ್ರ ಹಡಗಿನಲ್ಲಿ ರಾಜನ ಹೆಸರಿನ ಟೋಸ್ಟನ್ನು ಕೂತೇ ಕುಡಿಯುತ್ತಾರೆ. ಹಳೆ ಮರದ ಹಡಗುಗಳಲ್ಲಿ ಚಾವಣಿ ತಗ್ಗು, ಎದ್ದರೆ ತಲೆಗೆ ತೊಲೆ ಬಡಿಯುತ್ತಿತ್ತು ಅನ್ನುತ್ತಾರೆ. ಅವರಲ್ಲಿ ವಾರದ ಒಂದೊಂದು ದಿನಕ್ಕೂ ಒಂದೊಂದು ಟೋಸ್ಟ್. ಬುಧವಾರದ್ದು 'ನಮಗೇ'. ನಮ್ಮನ್ನು ಇನ್ಯಾರು ಕೇಳುತ್ತಾರೆ, ಅಲ್ವಾ? ಗುರುವಾರದ್ದು 'ಘೋರ ಯುದ್ಧ ಬರಲಿ, ಇಲ್ಲವೇ ರೋಗದ ಕಾಲ ಬರಲಿ'. ಮೇಲಿನವರು ಹೋದರೆ ಕೆಳಗಿನವರಿಗೆ ಪ್ರಮೋಷನ್! ನಮ್ಮ ಆಫೀಸುಗಳಲ್ಲೂ ಈ ಆಸೆ ಇದೆ, ಗ್ಲಾಸು ಎತ್ತಿ ಹೇಳುವ ಧೈರ್ಯ ಇಲ್ಲ ಅಷ್ಟೆ. ಶನಿವಾರದ್ದು 'ಹೆಂಡತಿಯರಿಗೆ ಮತ್ತು ಪ್ರೇಯಸಿಯರಿಗೆ' ಎಂದಿತ್ತು. 'ಅವರಿಬ್ಬರ ಭೇಟಿ ಆಗದಿರಲಿ' ಅಂತ ಪಕ್ಕದಿಂದ ಒಬ್ಬರು ಸೇರಿಸುವುದು ರೂಢಿಯಾಗಿತ್ತು. 2013ರಲ್ಲಿ ಇದನ್ನು 'ನಮ್ಮ ಕುಟುಂಬಗಳಿಗೆ' ಎಂದು ಬದಲಿಸಿದರು. ಅಷ್ಟು ಹೊತ್ತಿಗೆ ಹೆಂಗಸರೂ ಹಡಗಿನ ಅಧಿಕಾರಿಗಳಾಗಿದ್ದರು.

ಇನ್ನು ಗ್ಲಾಸಿನೊಳಗಿನ ವಿಷಯ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಹೋಗಿಲ್ಲ. ಲೆಕ್ಕಪ್ರಕಾರ ಕುಡಿಯುವವನ ಜೇಬಿನಲ್ಲಿ ಪರ್ಮಿಟ್ ಇರಬೇಕು. ಬಿಯರಿಗೆ 21 ತುಂಬಿರಬೇಕು, ವಿಸ್ಕಿಗೆ 25. ಅಂದರೆ ಡಿಗ್ರಿ ಕೈಗೆ ಬಂದ ದಿನ ಹುಡುಗನಿಗೆ ವಿಸ್ಕಿಯ ವಯಸ್ಸು ಆಗಿರುವುದಿಲ್ಲ. ಬೆಳ್ಳಿಹಬ್ಬದ ಊಟಕ್ಕೆ ಬರುವಾಗ ವಯಸ್ಸೇನೋ ಆಗಿರುತ್ತದೆ, ಆದರೆ ಡಾಕ್ಟರು ಬೇಡ ಅಂದಿರುತ್ತಾರೆ. ಮಧ್ಯದ ವರ್ಷಗಳಲ್ಲಿ ಇಎಂಐ.

ಹೀಗಾಗಿ ಮಾಟುಂಗ ಕಡೆಯ ಊಟಗಳಲ್ಲಿ ಕೋಕಂ ಶರಬತ್ತೇ ಜಾಸ್ತಿ. ಫೋಟೋದಲ್ಲಿ ಥೇಟ್ ರೆಡ್ ವೈನ್. ಊರಿನ ಅತ್ತೆಗೆ ವಾಟ್ಸಾಪಿನಲ್ಲಿ ಆ ಫೋಟೋ ಹೋದರೆ ವಿವರಣೆ ಕೊಡುವುದರಲ್ಲೇ ವಾರ ಕಳೆಯುತ್ತದೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗ ಸರಕಾರಿ ಔತಣಗಳಲ್ಲಿ ವಿದೇಶಿ ಅತಿಥಿಗಳೂ ಹಣ್ಣಿನ ರಸವನ್ನೇ ಎತ್ತಿ ಶುಭ ಹಾರೈಸಿದ್ದರು. ನನಗೆ ಬೇಜಾರಾಗುವುದು ಶರಬತ್ತಿನಿಂದಲ್ಲ, ಪ್ಲಾಸ್ಟಿಕ್ ಲೋಟದಿಂದ. ಒಂದಕ್ಕೊಂದು ತಾಗಿಸಿದರೆ ಸದ್ದೇ ಬರುವುದಿಲ್ಲ. ಜೋರಾಗಿ ತಾಗಿಸಿದರೆ ಲೋಟ ಒಳಕ್ಕೆ ಮಡಚಿ, ಶರಬತ್ತು ಬಿಳಿ ಅಂಗಿಯ ತೋಳಿಗೆ. ಕೋಕಂ ಕಲೆ ಏನು ಮಾಡಿದರೂ ಸುಲಭಕ್ಕೆ ಬಿಡುವುದಿಲ್ಲ.

ಯಾರ ಹೆಸರಿನಲ್ಲಿ ಟೋಸ್ಟೋ ಅವರು ಕೂತಿರಬೇಕು, ಕುಡಿಯಬಾರದು ಅನ್ನುವುದು ಶಿಷ್ಟಾಚಾರ. ನಮ್ಮ ಹಳೆ ಮೇಷ್ಟ್ರುಗಳಿಗೆ ಇದು ಒಗ್ಗುವುದಿಲ್ಲ. ಎಲ್ಲರೂ ಎದ್ದಾಗ ತಾವೂ ಎದ್ದು, ಎಲ್ಲರಿಗಿಂತ ಮೊದಲೇ ಲೋಟ ಖಾಲಿ ಮಾಡಿ, "ಕೂತ್ಕೊಳ್ರಪ್ಪಾ, ಕೂತ್ಕೊಳ್ಳಿ" ಅನ್ನುತ್ತಾರೆ. ಕ್ಲಾಸಿನಲ್ಲಿ ಕೂತ ಹಾಗೆ ಎಲ್ಲರೂ ಕೂರುತ್ತಾರೆ. ಟೋಸ್ಟ್ ಅಲ್ಲಿಗೆ ಮುಗಿಯಿತು.

ನೌಕಾಪಡೆಯ ಭಾನುವಾರದ ಟೋಸ್ಟ್ 'ಇಲ್ಲಿಲ್ಲದ ಗೆಳೆಯರಿಗೆ'. ಇದೊಂದು ಮಾತ್ರ ಹಳೆ ವಿದ್ಯಾರ್ಥಿಗಳ ಊಟಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ. ಈಚೆಗೆ ಒಂದು ಊಟದಲ್ಲಿ ಒಬ್ಬರು ಗ್ಲಾಸು ಎತ್ತಿ, ಗದ್ಗದ ದನಿಯಲ್ಲಿ ಒಂದೊಂದೇ ಹೆಸರು ಹೇಳುತ್ತಿದ್ದರು. ನಾಲ್ಕನೆಯ ಹೆಸರಿಗೆ ಹಿಂದಿನ ಟೇಬಲ್ಲಿನ ಶೆಟ್ಟರು ತಡೆದರು.

"ಎಂತ ಮಾರಾಯಾ, ಅವ ಸತ್ತಿಲ್ಲ. ದೋಹಾದಲ್ಲಿದ್ದಾನೆ."

"ಇಲ್ಲಿಲ್ಲ ಅಂದೆ, ಸತ್ತ ಅನ್ಲಿಲ್ಲ."

"ಹಾಗಾದ್ರೆ ಅಳುದು ಎಂತಕ್ಕೆ?"

ಅಷ್ಟರಲ್ಲಿ ಯಾರೋ ವಿಡಿಯೋ ಕಾಲ್ ಹಚ್ಚಿಯಾಗಿತ್ತು. ಸ್ಕ್ರೀನಿನಲ್ಲಿ ಬನಿಯನ್ ತೊಟ್ಟ ದೋಹಾದ ಗೆಳೆಯ, ಕೈಯಲ್ಲಿ ಚಹಾ. ತನ್ನ ಹೆಸರಿನ ಟೋಸ್ಟನ್ನು ತಾನೇ ಒಂದು ಗುಟುಕು ಕುಡಿದು, ಊಟಕ್ಕೆ ಏನು ಮಾಡಿಸಿದ್ದೀರಿ ಅಂತ ಕೇಳಿದ.